ತಂದೆಯ ಕೈಬರಹ ಓದುವವರಾರು?

ಸೊಲ್ಲಾಪುರದ ವಿಜಾಪುರ ರಸ್ತೆಯ ಮನೆಯಲ್ಲಿ ನಮ್ಮ ತೀರ್ಥರೂಪರು ತೊಂಬತ್ತನಾಲ್ಕು ವರ್ಷ ಬಾಳಿ ತೀರಿಕೊಂಡರು. 1930ರ ಮೇ ತಿಂಗಳಲ್ಲಿ ನಗರದಲ್ಲಿ ಮಾರ್ಶಲ್ ಲಾ ಜಾರಿಯಾದಾಗ ಅವರು ಒಂಬತ್ತರ ಹುಡುಗ. ಗಾಂಧಿ ಟೋಪಿ ತೊಡುವುದೇ ಅಪರಾಧವಾಗಿದ್ದ ದಿನಗಳವು. ತಾಯಿಯ ಕೈಹಿಡಿದು, ಇದೇ ರಸ್ತೆಯಲ್ಲಿ ಎರಡು ರಾತ್ರಿ ನಡೆದು ಭೀಮಾತೀರದ ಹಳ್ಳಿ ಸೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಗಲ್ಲಿಗೇರಿದ್ದನ್ನು ಹೇಳುವಾಗ ಕೊನೆಯವರೆಗೂ ಅವರ ಕೊರಳು ಬಿಗಿಯುತ್ತಿತ್ತು.

ಮುಂದೆ ಗಿರಣಿಯಲ್ಲಿ ದುಡಿದರು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆಯನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರಿಗೆ ಸೇರಿಸಬೇಕೆಂದಾಗ ಓಣಿಗೆಲ್ಲ ಪೇಢೆ ಹಂಚಿದರು. ವರದಿ ಕಡತದಲ್ಲೇ ಉಳಿಯಿತು.

ಇದನ್ನೆಲ್ಲ ಅವರು ಮೂರು ನೋಟುಪುಸ್ತಕಗಳಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ನನ್ನ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು. ಅಜ್ಜನ ಅಕ್ಷರ ಅವರಿಗೆ ಬರಿಯ ಗೀಟು. ಗಡಿಯ ತೀರ್ಮಾನ ಸರಕಾರಗಳ, ನ್ಯಾಯಾಲಯದ ಮಾತಾಯಿತು. ಮನೆಯಲ್ಲಿ ಅಕ್ಷರ ಕಲಿಸಲು ಯಾರ ಅಪ್ಪಣೆ ಬೇಕಿತ್ತು? ಆ ತಪ್ಪು ನನ್ನದು.

ಕಾಸರಗೋಡಿನ ಬಂಧುಗಳೇ, ಮಕ್ಕಳು ಮಲಯಾಳವನ್ನು ಧಾರಾಳವಾಗಿ ಕಲಿಯಲಿ. ಆದರೆ ಅಜ್ಜನ ಕೈಬರಹ ಓದುವಷ್ಟು ಕನ್ನಡವನ್ನು ಅವರಿಗೆ ಮನೆಯಲ್ಲೇ ಕಲಿಸಿರಿ. ಇದು ನಮ್ಮ ಕೈಯಲ್ಲೇ ಇರುವ ಕೆಲಸ.