ಎರೆ ನೆಲದಲ್ಲಿ ಕರೆಂಟಿನ ಗಾಡಿ: ಬೇಡವೆಂದವರಿಗೆ ಉತ್ತರ

ಜನವರಿಯಲ್ಲಿ ಕರೆಂಟಿನ ಎಸ್‌ಯುವಿ ತಂದು ಆಳಂದದ ನಮ್ಮ ಮನೆಯ ಮುಂದೆ ನಿಲ್ಲಿಸಿದ ದಿನದಿಂದ ನನಗೆ ಬುದ್ಧಿ ಹೇಳದವರಿಲ್ಲ. ಸೋದರಮಾವ ಹೇಳಿದರು, ಜೇವರ್ಗಿ ಕ್ರಾಸಿನ ಚಹಾದಂಗಡಿಯಲ್ಲಿ ಪಕ್ಕದಲ್ಲಿ ಕುಳಿತವರು ಹೇಳಿದರು, ನಾನು ತೊಗರಿ ಬೀಜ ಕೊಡಲು ಹೋಗುವ ಅಫಜಲಪುರದ ಅಂಗಡಿಕಟ್ಟೆಗಳ ಮೇಲೂ ಅದೇ ಮಾತು: "ಅದು ಬೆಂಗಳೂರಿನವರ ಗಾಡಿ, ನಮ್ಮ ಕಡಿ ನಡಿಯಂಗಿಲ್ಲ." ಹೇಳಿದವರೆಲ್ಲ ನನ್ನ ಹಿತ ಬಯಸುವವರು. ಹೀಗಾಗಿ ಅವರ ಮಾತನ್ನು ಹಾಗೇ ಬಿಡಲು ಮನಸ್ಸಿಲ್ಲ. ಕಬ್ಬಿನ ಹಂಗಾಮು, ಬೇಸಿಗೆ, ಮೊದಲ ಮಳೆ ಮೂರನ್ನೂ ಈ ಗಾಡಿಯಲ್ಲಿ ಕಂಡಾಗಿದೆ. ಆರು ತಿಂಗಳ ಅನುಭವ ಇಟ್ಟುಕೊಂಡು ಒಂದೊಂದಾಗಿ ಉತ್ತರಿಸುತ್ತೇನೆ.

"ನಡು ದಾರ್ಯಾಗ ನಿಂತ್ರ ಏನ್ ಮಾಡ್ತಿ? ಎತ್ತು ಕಟ್ಟಿ ಎಳಸ್ತೀಯೇನು?"

ಎಲ್ಲರ ಮೊದಲ ಪ್ರಶ್ನೆ ಇದು. 2001ರಲ್ಲಿ ಬೆಂಗಳೂರಿನಿಂದ ರೇವಾ ಬಂದಾಗ ಇದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಅದು ಪುಟ್ಟ ಗಾಡಿ, ಪೇಟೆಯೊಳಗಿನ ಓಡಾಟಕ್ಕೆ ಮಾಡಿದ್ದು. ನಮ್ಮ ಜನರ ಮನಸ್ಸಿನಲ್ಲಿ ಕರೆಂಟಿನ ಕಾರೆಂದರೆ ಇಂದಿಗೂ ಅದೇ ಚಿತ್ರ. ನನ್ನ ಗಾಡಿಯ ಬ್ಯಾಟರಿ 45 ಯೂನಿಟ್ ಹಿಡಿಯುತ್ತದೆ. ತಿಂಗಳಿಗೆ ನಾಲ್ಕೈದು ಸಲ ನಾನು ಒಂದೇ ದಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸುತ್ತುತ್ತೇನೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಗಾಣಗಾಪುರ, ಜೇವರ್ಗಿ, ಕಲಬುರಗಿ, ತಿರುಗಿ ಆಳಂದ. ಒಳರಸ್ತೆಗಳನ್ನೂ ಹಿಡಿದರೆ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ನಸುಕಿನಲ್ಲಿ ನೂರಕ್ಕೆ ನೂರು ತುಂಬಿಸಿ ಹೊರಟರೆ ಸಂಜೆ ಮನೆ ಮುಟ್ಟಿದಾಗ 27ರ ಆಸುಪಾಸು ಉಳಿದಿರುತ್ತದೆ, ಅದೂ ಎಸಿ ಬಂದ್ ಮಾಡದೆ. ನಮ್ಮ ಜಿಲ್ಲೆಯಲ್ಲಿ ಒಂದು ದಿನಕ್ಕೆ ಇದಕ್ಕಿಂತ ಹೆಚ್ಚು ಓಡುವವರು ಬಾಡಿಗೆ ಗಾಡಿಯವರು ಮಾತ್ರ. ಉಳಿದವರ ಓಡಾಟ ಹೊಲ, ಸಂತೆ, ಕಚೇರಿ, ಕಲಬುರಗಿಯ ಆಸ್ಪತ್ರೆ ಇಷ್ಟರೊಳಗೆ ಮುಗಿಯುತ್ತದೆ.

ಇನ್ನು ಓಡಿಸುವ ಸುಖ. ಹವಳಗಾ, ಭೂಸನೂರಿನ ಸಕ್ಕರೆ ಕಾರ್ಖಾನೆಗಳು ನುರಿಸಲು ಶುರುಮಾಡಿದರೆ ನಮ್ಮ ರಸ್ತೆಗಳ ಸ್ಥಿತಿ ಎಲ್ಲರಿಗೂ ಗೊತ್ತು. ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು, ಎರಡೂ ಬದಿಗೆ ಚಾಚಿದ ಕಬ್ಬು, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹಳೆಯ ಡೀಸೆಲ್ ಗಾಡಿಯಲ್ಲಿ ಅವುಗಳನ್ನು ದಾಟುವುದೆಂದರೆ ಗೇರ್ ಇಳಿಸಿ, ಎಂಜಿನ್ ಹುರುಪುಗೊಳ್ಳುವವರೆಗೆ ಕಾದು, ಎದುರಿನ ದೀಪದ ದೂರ ಅಂದಾಜು ಮಾಡಿ ಜೀವ ಬಿಗಿಹಿಡಿದು ನುಗ್ಗುವುದು. ಇದರಲ್ಲಿ ಗೇರೇ ಇಲ್ಲ. ಕಾಲು ಒತ್ತಿದ ಕ್ಷಣಕ್ಕೆ ಪೂರ್ತಿ ಎಳೆತ ಸಿಗುತ್ತದೆ, ಟ್ರ್ಯಾಕ್ಟರಿನ ಬದಿಯಲ್ಲಿ ಕಳೆಯುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಬ್ರೇಕಿನ ಬದಲು ಕಾಲು ಸಡಿಲಿಸಿದರೆ ಮೋಟಾರೇ ಗಾಡಿಯನ್ನು ಹಿಡಿದು, ಆ ಓಟವನ್ನು ತಿರುಗಿ ಕರೆಂಟಾಗಿ ಬ್ಯಾಟರಿಗೆ ಸೇರಿಸುತ್ತದೆ. ಪ್ರತಿ ಹಳ್ಳಿಯ ಮುಂದೆಯೂ ಎರಡು ಮೂರು ಸ್ಪೀಡ್ ಬ್ರೇಕರ್ ಇರುವ ನಮ್ಮಲ್ಲಿ ಈ ಗುಣಕ್ಕೆ ಬೆಲೆಯಿದೆ. ಕುಣಿಬಿದ್ದ ರಸ್ತೆಯಲ್ಲಿ ಮಾತ್ರ ಗಾಡಿಯ ಭಾರ ಸೊಂಟಕ್ಕೆ ತಿಳಿಯುತ್ತದೆ, ಹೊಟ್ಟೆಯ ಕೆಳಗೆ ಬ್ಯಾಟರಿ ಇರುವುದರಿಂದ ಕಲ್ಲು ನೋಡಿಕೊಂಡೇ ಹೋಗಬೇಕು.

"ಸಪ್ಪಳಿಲ್ಲದ ಗಾಡಿ, ಮಂದಿ-ದನಕ್ಕ ಬಂದದ್ದೇ ಗೊತ್ತಾಗಂಗಿಲ್ಲ."

ಇದನ್ನು ಹೇಳಿದವರು ಕುರಿ ಕಾಯುವ ಹಿರಿಯರೊಬ್ಬರು. ಅವರ ಮಾತು ಪೂರ್ತಿ ಸರಿ. ಎಂಜಿನ್ ಸದ್ದಿಗೆ ಕಿವಿ ಹೊಂದಿಸಿಕೊಂಡ ಕುರಿಮಂದೆ ಈ ಗಾಡಿಗೆ ಪಕ್ಕಕ್ಕೆ ಸರಿಯುವುದಿಲ್ಲ, ಮುಸ್ಸಂಜೆಯಲ್ಲಿ ಬೆನ್ನು ಹಾಕಿ ನಡೆಯುವ ಹೆಣ್ಣುಮಕ್ಕಳೂ ಸರಿಯುವುದಿಲ್ಲ. ಊರೊಳಗೆ ನಾನೀಗ ನಡಿಗೆಗಿಂತ ತುಸು ಜೋರಾಗಿ ಹೋಗುತ್ತೇನಷ್ಟೆ, ದೂರದಿಂದಲೇ ಸಣ್ಣಗೆ ಹಾರ್ನ್ ಕೊಡುತ್ತೇನೆ. ಆ ಜವಾಬ್ದಾರಿ ಓಡಿಸುವವನದು.

"ಊರಾಗ ಕರೆಂಟೇ ಇರಂಗಿಲ್ಲ, ಗಾಡಿಗೆ ಎಲ್ಲಿಂದ ತುಂಬಸ್ತಿ?"

ಇಲ್ಲಿ ಎರಡು ಸಂಗತಿ ಕಲಸಿಹೋಗಿವೆ. ನಮ್ಮ ರೈತರು ಕರೆಂಟಿಲ್ಲ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಪಂಪ್‌ಸೆಟ್ಟಿನ ತ್ರೀಫೇಸ್. ಅದು ದಿನಕ್ಕೆ ಏಳು ತಾಸು, ಅದರಲ್ಲೂ ಕಡಿತ. ಆದರೆ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಲೈನನ್ನು ಹೊಲದ ಲೈನಿನಿಂದ ಬೇರೆ ಮಾಡಿದ್ದಾರೆ. ಗಾಡಿಗೆ ಬೇಕಾದದ್ದು ಮನೆಯ ಸಿಂಗಲ್ ಫೇಸ್, ಅದೂ ರಾತ್ರಿ. ನಮ್ಮ ಮನೆಯ ಗೋಡೆಗೆ ಹಾಕಿಸಿದ ಚಾರ್ಜರ್ 7 ಕಿಲೋವ್ಯಾಟಿನದು. ಹತ್ತು ಗಂಟೆಗೆ ಹಚ್ಚಿ ಮಲಗಿದರೆ, ನಡುವೆ ಒಂದು ತಾಸು ಕರೆಂಟು ಹೋದರೂ ನಸುಕಿಗೆ ತುಂಬಿರುತ್ತದೆ. ಬಂದ ಕೂಡಲೇ ತಾನೇ ಮುಂದುವರಿಯುತ್ತದೆ, ಎದ್ದು ನೋಡಬೇಕಿಲ್ಲ. ಸಾದಾ 15 ಆಂಪಿಯರ್ ಸಾಕೆಟ್ಟಾದರೆ ಇಷ್ಟೇ ತುಂಬಲು ಹನ್ನೆರಡು ತಾಸು ಬೇಕು.

ನಿಜವಾದ ತೊಡಕು ಬೇರೆ ಇದೆ, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಭೀಮಾ ದಂಡೆಯಲ್ಲಿರುವ ನನ್ನ ಹೆಂಡತಿಯ ತವರೂರಿಗೆ ಏಪ್ರಿಲ್‌ನಲ್ಲಿ ಮೊದಲ ಸಲ ಈ ಗಾಡಿಯಲ್ಲಿ ಹೋದೆವು. ರಾತ್ರಿ ಪಡಸಾಲೆಯ ಸಾಕೆಟ್ಟಿಗೆ ವೈರು ಹಚ್ಚಿದರೆ ಚಾರ್ಜರಿನಲ್ಲಿ ಕೆಂಪು ದೀಪ. ತೆಗೆದು ಹಚ್ಚಿದೆ, ಬೇರೆ ಸಾಕೆಟ್ಟಿಗೆ ಹಚ್ಚಿದೆ, ಮತ್ತೂ ಕೆಂಪು. ಮಾವ ಬಂದು ನಿಂತು, "ಫ್ರಿಜ್ಜು ನಡೀತದ, ಗಿರಣಿ ನಡೀತದ, ಇದಕ್ಕೇನ್ ಆಗ್ಯದ್ರೀ ಅಳಿಯಂದ್ರ?" ಎಂದರು. ಮರುದಿನ ಬಂದ ವೈರಿಂಗ್ ಮಿಸ್ತ್ರಿ ತೋರಿಸಿಕೊಟ್ಟ: ಮೂರು ಕಡ್ಡಿಯ ಸಾಕೆಟ್ಟಿನ ಮೇಲಿನ ಕಡ್ಡಿಗೆ ವೈರೇನೋ ಇತ್ತು, ಆ ವೈರು ಅಂಗಳದಲ್ಲಿ ಹೂತ ಸಳಿಗೆ ಹೋಗಿತ್ತು. ಆದರೆ ಸಳಿಯ ಸುತ್ತ ಎರೆ ಮಣ್ಣು ಬಿಸಿಲಿಗೆ ಬಿರಿದು, ಬೆರಳು ಹಿಡಿಸುವಷ್ಟು ಸಂದು ಬಿಟ್ಟಿತ್ತು. ಎರೆ ನೆಲದ ಗುಣವೇ ಅದು. ಮಳೆಗಾಲದಲ್ಲಿ ಉಬ್ಬಿ ಸಳಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈಬಿಡುತ್ತದೆ. ನೆಲ ಮುಟ್ಟದ ಅರ್ಥಿಂಗ್ ಅರ್ಥಿಂಗೇ ಅಲ್ಲ. ಗಾಡಿಯ ಚಾರ್ಜರ್ ಅದನ್ನು ಮೊದಲು ಪರೀಕ್ಷಿಸುತ್ತದೆ, ಸಿಗದಿದ್ದರೆ ಒಂದು ಯೂನಿಟ್ಟನ್ನೂ ಒಳಗೆ ಬಿಡುವುದಿಲ್ಲ. ಫ್ರಿಜ್ಜಿಗೆ ಆ ಪರೀಕ್ಷೆ ಗೊತ್ತಿಲ್ಲ, ಆದ್ದರಿಂದ ನಡೆಯುತ್ತದೆ.

ಎಂಟು ಅಡಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಲು ಉಪ್ಪು ಒಂದರ ಮೇಲೊಂದು ಹಾಸಿ, ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕುವಂತೆ ಬಾಯಿ ಬಿಟ್ಟೆವು. ದೀಪ ಹಸಿರಾಯಿತು. ಎರಡು ದಿನ ಬಿಟ್ಟು ಅತ್ತೆಯವರು ಫೋನ್ ಮಾಡಿ ಹೇಳಿದ್ದನ್ನು ನಾನು ಮರೆಯಲಾರೆ. ಒದ್ದೆ ಕೈಯಲ್ಲಿ ಫ್ರಿಜ್ಜು ಮುಟ್ಟಿದರೆ ವರ್ಷಗಟ್ಟಲೆ ಝುಮ್ ಎನ್ನುತ್ತಿದ್ದದ್ದು ಈಗ ನಿಂತಿತಂತೆ. ಅಷ್ಟು ವರ್ಷ ಆ ಮನೆಯಲ್ಲಿ ಮಕ್ಕಳು ಆಡಿದ್ದಾರೆ. ಈ ಗಾಡಿ ನಮ್ಮ ಕಡೆ ನಡೆಯುವುದಿಲ್ಲ ಎನ್ನುವವರು ಒಮ್ಮೆ ತಮ್ಮ ಮನೆಯ ಅರ್ಥಿಂಗ್ ನೋಡಿಸಬೇಕೆಂದು ಕೈಮುಗಿದು ಕೇಳುತ್ತೇನೆ, ಗಾಡಿ ಕೊಳ್ಳದಿದ್ದರೂ ಸರಿ.

"ಫ್ರೀ ಕರೆಂಟ್ ಹೋಗ್ತದ ನೋಡು."

ಬಹಳ ಜನರಿಗೆ ಈ ಭಯ ಇದೆ, ಕಾರಣವೂ ಇದೆ. 2023ರ ಆಗಸ್ಟ್ 5ರಂದು ಫ್ರೀ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾನು ತಿಂಗಳಿಗೆ ಸುಮಾರು 2,000 ಕಿಲೋಮೀಟರ್ ಓಡುತ್ತೇನೆ, ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ ಮೀಟರಿನಲ್ಲಿ 350 ಯೂನಿಟ್ ತಿರುಗುತ್ತದೆ. ಮನೆಯ ಮೀಟರಿಗೇ ಹಚ್ಚಿದರೆ ಗೃಹಜ್ಯೋತಿ ಹೋಗುವುದು ಖಂಡಿತ. ದಾರಿ ಸುಲಭವಾಗಿದೆ: ಗಾಡಿಗೆ ಬೇರೆ ಮೀಟರ್. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ, ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಗ್ರಾಹಕನಿಗಿದೆ. ನಾನು ಜೆಸ್ಕಾಂನಿಂದ ಹಾಗೇ ತೆಗೆದುಕೊಂಡೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 350 ಯೂನಿಟ್ಟಿಗೆ 2,100, ಅದರ ಮೇಲೆ ಮಂಜೂರಾದ ಕಿಲೋವ್ಯಾಟಿನ ಲೆಕ್ಕದಲ್ಲಿ ಸ್ಥಿರ ಶುಲ್ಕ. ಹಳೆಯ ಡೀಸೆಲ್ ಗಾಡಿ ಲೀಟರಿಗೆ 14 ಕೊಡುತ್ತಿತ್ತು. ಅಷ್ಟೇ ಓಟಕ್ಕೆ 143 ಲೀಟರ್, 90 ರೂಪಾಯಿಯಂತೆ 12,800 ದಾಟುತ್ತದೆ. ಊರು ಬಿಟ್ಟು ದುಡ್ಡು ಕೊಟ್ಟು ತುಂಬಿಸುವ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆದರೂ ಡೀಸೆಲಿನ ಅರ್ಧಕ್ಕೆ ತುಸು ಮೇಲಾಗುತ್ತದಷ್ಟೆ.

"ನಮ್ಮ ಬ್ಯಾಸಗಿಗಿ ಅದು ಹೊತ್ತಿ ಉರೀತದ."

ಮೇ ತಿಂಗಳಲ್ಲಿ 43, 44 ಡಿಗ್ರಿ ನೋಡುವ ಜಿಲ್ಲೆಯವರು ಇದನ್ನು ಕೇಳದೆ ಇರಲಾರರು. ಬ್ಯಾಟರಿಗೆ ಬಿಸಿ ಆಗದು, ಅದು ನಿಜ. ಆದರೆ ಬಿಸಿಯಿಂದ ಆಗುವ ಹಾನಿ ಮುಖ್ಯವಾಗಿ ಆಯುಷ್ಯದ್ದು, ಬೆಂಕಿಯದ್ದಲ್ಲ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿಯುತ್ತದೆ. ನನ್ನ ಗಾಡಿಯದು ಕಬ್ಬಿಣ-ಫಾಸ್ಫೇಟ್ ಮಾದರಿ, ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಹೆಚ್ಚು ಶಾಖ ತಡೆಯುವಂಥದು. ದೇಶದಲ್ಲಿ 2022ರ ಕೊನೆಯಿಂದ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಗಿದೆ. ಒಳಗಿನ ಒಂದು ಕೋಶ ಕಾದು ಕೆಟ್ಟರೂ ಕೂತವರು ಇಳಿಯುವಷ್ಟು ಹೊತ್ತು ಮೊದಲೇ ಎಚ್ಚರಿಕೆ ಬರಬೇಕು. ನಾನು ಪಾಲಿಸುವುದು ಇಷ್ಟು: ಮಧ್ಯಾಹ್ನ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಚ್ಚುವುದಿಲ್ಲ, ಬೇವಿನ ನೆರಳಲ್ಲಿ ನಿಲ್ಲಿಸುತ್ತೇನೆ. ಬಿಸಿಲಿನಲ್ಲಿ ಯಾರಿಗಾದರೂ ಕಾಯಬೇಕಾದಾಗ ಎಸಿ ಹಾಕಿ ಒಂದು ತಾಸು ಕುಳಿತರೂ ಹೋಗುವುದು ಒಂದೆರಡು ಯೂನಿಟ್. ಮುಪ್ಪಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು ಸರದಿಗೆ ಕಾಯುವಾಗ, ಹೊಗೆ ಇಲ್ಲದೆ, ಎಂಜಿನ್ ನಡುಕ ಇಲ್ಲದೆ ಅವರು ತಂಪಿನಲ್ಲಿ ನಿದ್ದೆ ಹೋದದ್ದನ್ನು ನೋಡಿದ್ದೇನೆ.

ನೀರಿನ ಮಾತೂ ಬಂತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳನ್ನು ನುಂಗಿದ್ದನ್ನು ಕಂಡ ನಾವು, ಹರಿಯುವ ನೀರಿಗೆ ಯಾವ ಗಾಡಿಯನ್ನೂ ಇಳಿಸಬಾರದು. ಬ್ಯಾಟರಿ ಪೆಟ್ಟಿಗೆ ನೀರು ಸೋರದಂತೆ ಮುಚ್ಚಿದ್ದು ಎಂಬುದು ಹಳ್ಳದಲ್ಲಿ ನುಗ್ಗಲು ಪರವಾನಗಿ ಅಲ್ಲ.

"ರಾಯಚೂರಾಗ ಕಲ್ಲಿದ್ದಲು ಸುಡೂದು, ಇಲ್ಲಿ ಹೊಗಿ ಇಲ್ಲ ಅನ್ನೂದು. ಇದು ಯಾವ ನ್ಯಾಯ?"

ಓದಿಕೊಂಡ ಗೆಳೆಯರ ಆಕ್ಷೇಪ ಇದು, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೂ ಇದೇ. ರಾಯಚೂರು ಬಳಿಯ ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರದ ಬೂದಿ ಯಾರ ಪುಪ್ಪುಸಕ್ಕೆ ಹೋಗುತ್ತದೆಂದು ಕಲ್ಯಾಣ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕ ಮಾತ್ರ ಹೀಗಿದೆ. ನೂರು ಕಿಲೋಮೀಟರಿಗೆ ಹಳೆಯ ಗಾಡಿ ಏಳು ಲೀಟರ್ ಡೀಸೆಲ್ ಸುಟ್ಟು ಸುಮಾರು 19 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಿತ್ತು. ಈ ಗಾಡಿಗೆ ನೂರು ಕಿಲೋಮೀಟರಿಗೆ ಹದಿನೇಳೂವರೆ ಯೂನಿಟ್. ದೇಶದ ಸರಾಸರಿಯಲ್ಲಿ ಯೂನಿಟ್ಟಿಗೆ ಸುಮಾರು 700 ಗ್ರಾಂ, ತಂತಿಯಲ್ಲಿ ಸೋರುವುದನ್ನೂ ಕೂಡಿಸಿದರೆ 14 ಕಿಲೋ. ಕರೆಂಟೆಲ್ಲ ಕಲ್ಲಿದ್ದಲಿನದೇ ಆಗಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಆಗುತ್ತಿದ್ದವು, ಇದನ್ನು ಒಪ್ಪುತ್ತೇನೆ. ಆದರೆ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರುವ, ಶರಾವತಿಯ ನೀರಿನಿಂದಲೂ ಗಾಳಿಯಿಂದಲೂ ಕರೆಂಟು ಪಡೆಯುವ ರಾಜ್ಯ ನಮ್ಮದು. ಡೀಸೆಲ್ ಗಾಡಿ ಹಳೆಯದಾದಂತೆ ಹೊಗೆ ಹೆಚ್ಚುತ್ತದೆ. ಈ ಗಾಡಿಯ ಪಾಲಿನ ಹೊಗೆ ಗ್ರಿಡ್ ಸುಧಾರಿಸಿದಂತೆ ಇಳಿಯುತ್ತದೆ.

"ಎಂಟ್ ವರ್ಷಕ್ಕ ಬ್ಯಾಟ್ರಿ ಹೋತಂದ್ರ ಗಾಡಿ ಗುಜರಿಗಿ." ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬುದು ಕಂಪನಿಗಳು ಸಾಮಾನ್ಯವಾಗಿ ಕೊಡುವ ವಾರಂಟಿ, ಬ್ಯಾಟರಿಯ ಸಾವಿನ ತಾರೀಖಲ್ಲ. ಇಳಿಯುವುದು ನಿಧಾನವಾಗಿ. 300 ಓಡುತ್ತಿದ್ದದ್ದು ಮುಂದೆ 230 ಓಡಿದರೂ ನನ್ನ ಸುತ್ತು ಮುಗಿಯುತ್ತದೆ.

ಉತ್ತರವಿಲ್ಲದ ಆಕ್ಷೇಪ ಎರಡಿವೆ. ಒಂದು, ಬಾಡಿಗೆ ಮನೆಯಲ್ಲಿರುವವರದು. ಸ್ವಂತ ಅಂಗಳವಿಲ್ಲದವರಿಗೆ, ಮಾಲೀಕರು ಮೀಟರಿಗೆ ಒಪ್ಪದವರಿಗೆ ನಾನು ಇದನ್ನು ಕೊಳ್ಳಿ ಎನ್ನುವುದಿಲ್ಲ. ಇನ್ನೊಂದು, ದಾರಿಯ ಚಾರ್ಜರುಗಳದು. ಫೆಬ್ರವರಿಯಲ್ಲಿ ಅಣ್ಣನ ಮಗನನ್ನು ಹೈದರಾಬಾದಿಗೆ ಬಿಟ್ಟು ರಾತ್ರಿ ತಿರುಗಿ ಬರುವಾಗ, ಮೊಬೈಲಿನಲ್ಲಿ ಹಸಿರು ತೋರಿಸುತ್ತಿದ್ದ ಹೆದ್ದಾರಿ ಚಾರ್ಜರಿನ ಮುಂದೆ ನಿಂತರೆ ಪರದೆ ಕಪ್ಪು. ಎರಡು ದಿನದಿಂದ ಬಂದ್ ಎಂದು ಕಾವಲುಗಾರ ಹೇಳಿದ. ನೂರರಲ್ಲಿ 19 ಉಳಿದಿತ್ತು. ಎಸಿ ಬಂದ್ ಮಾಡಿ, ಐವತ್ತರ ವೇಗದಲ್ಲಿ ಒಂದು ಹೋಟೆಲ್ ತಲುಪಿ, ನಿಧಾನದ ಚಾರ್ಜರಿನಲ್ಲಿ ಎರಡು ತಾಸು ಕಳೆದೆ. ಪೆಟ್ರೋಲ್ ಬಂಕ್ ಹೀಗೆ ಸುಳ್ಳು ಹೇಳಿ ಎರಡು ದಿನ ಮುಚ್ಚಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ. ಇಲ್ಲಿಯೂ ಸುಮ್ಮನಿರಬಾರದು.

ಚಾರ್ಜರ್ ಹಾಕುವವರಿಗೂ ನಮ್ಮ ರಸ್ತೆ ಗೊತ್ತಿರಬೇಕು. ಜೇವರ್ಗಿಯಲ್ಲಿ ವಿಜಯಪುರದ ಹೆದ್ದಾರಿ 50ಕ್ಕೆ ಬಳ್ಳಾರಿ ಕಡೆಯ 150ಎ ಕೂಡುತ್ತದೆ. ಅಲ್ಲಿ ಬೇಕಾದದ್ದು ಅರ್ಧ ತಾಸಿನಲ್ಲಿ ತುಂಬುವ, ಹಗಲು ರಾತ್ರಿ ಒಬ್ಬ ಮನುಷ್ಯ ನೋಡಿಕೊಳ್ಳುವ ಫಾಸ್ಟ್ ಚಾರ್ಜರ್. ಗಾಣಗಾಪುರಕ್ಕೆ ಅಂಥ ದುಬಾರಿ ಯಂತ್ರ ಬೇಡ. ಹುಣ್ಣಿಮೆಗೆ ಮಹಾರಾಷ್ಟ್ರ, ತೆಲಂಗಾಣದಿಂದ ಬರುವ ಗಾಡಿಗಳು ಭೀಮಾ-ಅಮರ್ಜಾ ಸಂಗಮದ ಸ್ನಾನ, ದತ್ತನ ದರ್ಶನ, ಊಟ ಮುಗಿಯುವವರೆಗೆ ನಾಲ್ಕು ತಾಸು ನಿಂತಲ್ಲೇ ನಿಂತಿರುತ್ತವೆ. 7 ಕಿಲೋವ್ಯಾಟಿನ ಸಾದಾ ಕಂಬಗಳು ಸಾಲಾಗಿ ಹತ್ತು ಇದ್ದರೆ, ಸರಿಯಾದ ಅರ್ಥಿಂಗ್ ಇದ್ದರೆ, ಅಷ್ಟರಲ್ಲಿ ಒಂದೊಂದು ಗಾಡಿಗೆ 28 ಯೂನಿಟ್ ಹೋಗುತ್ತದೆ. ಕಳೆದ ಹುಣ್ಣಿಮೆಗೆ ತಾಯಿಯನ್ನು ಕರೆದುಕೊಂಡು ಹೋದಾಗ ನನ್ನ ಗಾಡಿ ಅಲ್ಲಿ ನಿಂತದ್ದೂ ನಾಲ್ಕು ತಾಸೇ. ಪಕ್ಕದಲ್ಲಿ ಎಂಎಚ್ ನಂಬರಿನ ಇನ್ನೂ ಎರಡು ಕರೆಂಟಿನ ಗಾಡಿಗಳಿದ್ದವು.