ಅಣಬೆಗೆ ಕರೆಂಟೇ ಬೇಕೆಂದಿಲ್ಲ

ಅಣಬೆ ಕೃಷಿ ಎಂದ ಕೂಡಲೇ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಎ.ಸಿ. ರೂಮು ಬೇಡ್ವಾ?" ಪೇಟೆಯಲ್ಲಿ ಸಿಗುವ ಬಿಳಿ ಗುಂಡಿ ಅಣಬೆಗೆ ಬೇಕು, ನಿಜ. ಅದಕ್ಕೆ 14ರಿಂದ 18 ಡಿಗ್ರಿ ತಂಪು ಇರಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲಲ್ಲಿರುವ ನರಸಿಂಹರಾಜಪುರದ ಕಡೆಯ ಹಳ್ಳಿಗಳಿಗೆ ಅದು ಹೇಳಿಸಿದ್ದಲ್ಲ. ಆದರೆ ಚಿಪ್ಪಣಬೆಗೆ 20ರಿಂದ 30 ಡಿಗ್ರಿ ಶಾಖ, ಗಾಳಿಯಲ್ಲಿ ಶೇ. 80ರ ಮೇಲೆ ತೇವ ಇದ್ದರಾಯ್ತು. ಮಳೆಗಾಲದಲ್ಲಿ ಇದನ್ನು ಮಲೆನಾಡೇ ಪುಕ್ಕಟೆ ಕೊಡುತ್ತದೆ.

ಬೇಕಾದ ಸಾಮಾನೂ ಮನೆಯಲ್ಲೇ ಇದೆ. ಒಣ ಭತ್ತದ ಹುಲ್ಲನ್ನು ಎರಡಿಂಚಿಗೆ ಕತ್ತರಿಸಿ ಒಂದು ರಾತ್ರಿ ನೆನೆಹಾಕಿ. ಬಚ್ಚಲ ಹಂಡೆಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಬಸಿದು ಆರಿಸಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆಯಾಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿಗೆ ಒಂದು ಸುತ್ತು ಬೀಜ, ಹೀಗೆ ನಾಲ್ಕೈದು ಪದರ ತುಂಬಿ ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ. ಕತ್ತಲ ಕೋಣೆಯಲ್ಲಿ 15ರಿಂದ 20 ದಿನಕ್ಕೆ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಸೀಳಿ ಗಾಳಿ ಬೆಳಕು ಕೊಟ್ಟು, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ವಾರದೊಳಗೆ ಮೊಗ್ಗು. ಎರಡು ಮೂರು ಕೊಯ್ಲು ಸಿಗುತ್ತದೆ. ಒಂದು ಕೆ.ಜಿ. ಒಣಹುಲ್ಲಿಗೆ ಅರ್ಧ ಕೆ.ಜಿ.ಗೆ ಮೋಸವಿಲ್ಲ. ಕಿಟಕಿಗೆ ಸೊಳ್ಳೆಪರದೆ ಕಟ್ಟಿ, ನೊಣ ಬಂದರೆ ಬೆಳೆ ಹೋಯ್ತು. ಅಣಬೆಯ ಧೂಳಿನಿಂದ ಕೆಲವರಿಗೆ ಕೆಮ್ಮು ಬರುವುದುಂಟು. ಮಲಗುವ ಕೋಣೆ ಬೇಡ.

ಹುಲ್ಲು ದನಕ್ಕೇ ಸಾಲದು ಎನ್ನುವವರ ಮಾತೂ ಸರಿಯೇ. ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಹುಲ್ಲಿನ ಗೊಣಬೆ ಅಪರೂಪವಾಗಿದೆ. ಮೊದಲು ಕೊಟ್ಟಿಗೆಗೆ, ಉಳಿದದ್ದು ಅಣಬೆಗೆ. ಅಡಿಕೆ ಹಾಳೆಯಲ್ಲೂ ಚಿಪ್ಪಣಬೆ ಬರುತ್ತದೆಂದು ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ತೋರಿಸಿಕೊಟ್ಟಿದೆ. ಕೊಯ್ಲಾದ ಮೇಲೆ ಉಳಿದದ್ದು ಗೊಬ್ಬರದ ಗುಂಡಿಗೆ.

ನಿಜವಾದ ತೊಡಕು ಎರಡು: ಬೀಜ ಮತ್ತು ಮಾರಾಟ. ಬೀಜ ಜೀವವಿರುವ ವಸ್ತು, ಫ್ರಿಜ್ಜಿಲ್ಲದ ಮನೆಯಲ್ಲಿ ಬಹಳ ದಿನ ತಾಳದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಆದರೆ ಒಂದೆರಡು ಕೆ.ಜಿ.ಗೆ ಬೆಂಗಳೂರಿಗೆ ಹೋಗಿಬರುವ ಖರ್ಚು ಯಾರು ಭರಿಸ್ತಾರೆ? ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ತರಿಸಬೇಕು, ಬೀಜ ಬರುವ ದಿನಕ್ಕೆ ಹುಲ್ಲು ಸಿದ್ಧವಿರಬೇಕು. ಇನ್ನು ಹಸಿ ಅಣಬೆ ಒಂದೆರಡು ದಿನಕ್ಕಿಂತ ಬಾಳದು, ಮಳೆಗಾಲದಲ್ಲಿ ಒಣಗಿಸಲು ಬಿಸಿಲೂ ಇಲ್ಲ. ಕೊಳ್ಳುವ ಹತ್ತು ಮನೆ ಗೊತ್ತುಮಾಡಿಕೊಂಡೇ ಚೀಲ ಕಟ್ಟಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಮೊದಲ ವರ್ಷ ಹತ್ತೇ ಚೀಲ. ಸಾಲ ಬೇಡ, ಶೆಡ್ಡು ಬೇಡ. ಬೀಜ ಕೊಟ್ಟು ಅಣಬೆಯನ್ನೆಲ್ಲ ನಾವೇ ಕೊಳ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ. ಸರ್ಕಾರ ಸಹಾಯ ಮಾಡುವುದಾದರೆ ನಮಗೆ ಬೇಕಾದದ್ದು ಯಂತ್ರದ ಸಬ್ಸಿಡಿಯಲ್ಲ. ತಾಲೂಕಿಗೊಂದು ಕಡೆ, ಮಳೆಗಾಲದ ಆರಂಭದಲ್ಲಿ, ಹೊಸ ಬೀಜ. ಅದನ್ನು ಎಲ್ಲರೂ ಸೇರಿ ಕೇಳೋಣ.