ಏಳು ಸೆಂಟಿಮೀಟರು

ಪಿ.ಟಿ. ಉಷಾ ಅಂದರೆ ಪಿ.ಟಿ. ಪಿರಿಯಡ್ಡಿನ ಟೀಚರು ಇರಬೇಕು ಎಂದು ನಾನು ನಾಲ್ಕನೇ ಕ್ಲಾಸಿನವರೆಗೂ ತಿಳಿದಿದ್ದೆ. ನಗಬೇಡಿ! ಪಿಲಾವುಳ್ಳಕಂಡಿ ತೆಕ್ಕೆಪರಂಬಿಲ್ ಎಂಬುದು ಅವರ ಮನೆತನದ ಹೆಸರು. 1964ರಲ್ಲಿ ಕೇರಳದ ಕಲ್ಲಿಕೋಟೆ ಜಿಲ್ಲೆಯಲ್ಲಿ ಹುಟ್ಟಿದವರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 400 ಮೀಟರ್ ಹರ್ಡಲ್ಸ್ ಓಟವನ್ನು ಮೊದಲ ಸಲ ಇಟ್ಟರು. ದಾರಿಯಲ್ಲಿ 10 ತಡೆಗಳು. ಒಂದೊಂದೂ 76 ಸೆಂಟಿಮೀಟರ್ ಎತ್ತರ, ಹೆಚ್ಚು ಕಡಿಮೆ ನಮ್ಮ ಮೇಷ್ಟ್ರ ಮೇಜಿನಷ್ಟು. ಮೊರಾಕ್ಕೊ ದೇಶದ ನವಾಲ್ ಎಲ್ ಮುತವಕೆಲ್ ಚಿನ್ನ ಗೆದ್ದರು. ರುಮೇನಿಯಾದ ಓಟಗಾರ್ತಿ 55.41 ಸೆಕೆಂಡಿನಲ್ಲಿ ಮೂರನೆಯವರಾದರು. ನಮ್ಮ ಉಷಾ 55.42. ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಕಂಚು ಹೋಯಿತು.

ನಾನು ಲೆಕ್ಕ ಮಾಡಿ ನೋಡಿದೆ. 400 ಮೀಟರನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ 7 ಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ನೂರನೇ ಭಾಗ ಸುಮಾರು 7 ಸೆಂಟಿಮೀಟರು. ಕಂಪಾಸ್ ಬಾಕ್ಸಿನ ಸ್ಕೇಲಿನ ಅರ್ಧವೂ ಇಲ್ಲ.

ಕೊನೆಯಲ್ಲಿ ಎದೆ ಮುಂದೆ ಚಾಚಲಿಲ್ಲ, ಅದೇ ತಪ್ಪಾಯ್ತು ಅಂತ ಹೇಳ್ತಾರೆ. ಇರಬಹುದು. ಆದರೆ ಆ 7 ಸೆಂಟಿಮೀಟರು ಗೆರೆಯ ಹತ್ತಿರ ಮಾತ್ರ ಹೋದದ್ದಲ್ಲ ಎಂದು ನನ್ನ ಅಭಿಪ್ರಾಯ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಉಷಾ ಬೆಳ್ಳಿ ಗೆದ್ದದ್ದು 100 ಮತ್ತು 200 ಮೀಟರ್ ಓಟದಲ್ಲಿ. ತಡೆ ಓಟ ಹಿಡಿದದ್ದು ಆಮೇಲೆ. ಒಲಿಂಪಿಕ್ಸಿನಲ್ಲಿ ಗಂಜಿ, ಉಪ್ಪಿನಕಾಯಿ ತಿಂದು ಓಡಿದ್ದರಿಂದ ಕೊನೆಗೆ ಶಕ್ತಿ ಸಾಲಲಿಲ್ಲ ಎಂದು ಅವರೇ 2018ರಲ್ಲಿ ಹೇಳಿದ್ದಾರೆ.

ಪದಕ ತಪ್ಪಿತೆಂದು ಉಷಾ ಮನೆಯಲ್ಲಿ ಕೂರಲಿಲ್ಲ. 1985ರಲ್ಲಿ ಜಕಾರ್ತಾದ ಏಷ್ಯನ್ ಅಥ್ಲೆಟಿಕ್ಸಿನಲ್ಲಿ 5 ಚಿನ್ನ ಗೆದ್ದರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4 ಚಿನ್ನ, ಅದರಲ್ಲಿ ಹರ್ಡಲ್ಸಿನದೂ ಒಂದು. ಇದೆಲ್ಲ ಹೇಗೆ ಆಯಿತು? ಬೇಗ ಶುರು ಮಾಡಿದ್ದರಿಂದ. 1976ರಲ್ಲಿ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಕ್ರೀಡಾ ವಿಭಾಗ ತೆರೆದಾಗ ಅವರು ಅಲ್ಲಿಗೆ ಸೇರಿದರು. ಓ.ಎಂ. ನಂಬಿಯಾರ್ ಗುರುಗಳಾಗಿ ಸಿಕ್ಕರು. 2002ರಲ್ಲಿ ಉಷಾ ತಾವೇ ಹುಡುಗಿಯರಿಗೆ ಓಟದ ಶಾಲೆ ತೆರೆದದ್ದೂ ಇದಕ್ಕೇ ಇರಬೇಕು. ಕಣ್ಣೂರಿಗೆ ಸೇರಿದಾಗ ಅವರಿಗೆ 12 ವರ್ಷ. ನನಗೆ ಈಗ 13.

ನಮ್ಮಲ್ಲಿ ಸ್ಪೋರ್ಟ್ಸ್ ಡೇ ದಿನ ಹುಡುಗಿಯರಿಗೆ ಲಿಂಬೆಹಣ್ಣು-ಚಮಚ, ಸಂಗೀತ ಕುರ್ಚಿ. ತಡೆ ಓಟ ಹುಡುಗರಿಗೆ ಮಾತ್ರ. "ಬಿದ್ದು ಕಾಲು ಮುರ್ಕೊಂಡ್ರೆ ಯಾರು ನೋಡ್ಕೊಳ್ಳೋದು?" ಅಂತಾರೆ. ನಮ್ಮಜ್ಜಿಯೂ ಹಾಗೇ ಅಂದರು. ಆದರೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಕಾಲುವೆ ಹಾರುವವರು ಯಾರು? ನಾವೇ ತಾನೇ! ಆಗ ನಮ್ಮ ಕಾಲಿನ ಚಿಂತೆ ಯಾರಿಗೂ ಇರಲ್ಲ. ಹರ್ಡಲ್ಸಿನಲ್ಲಿ ಕಾಲು ತಾಗಿದರೆ ತಡೆಯೇ ಬೀಳುವ ಹಾಗೆ ಮಾಡಿರುತ್ತಾರೆ. ತಡೆ ಬಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಓಟದಿಂದ ತೆಗೆಯುವುದೂ ಇಲ್ಲ. ನಮಗೆ ಮೇಜಿನಷ್ಟು ಎತ್ತರ ಬೇಡ, ದುಡ್ಡೂ ಬೇಡ. ಎರಡು ಕವೆಗೋಲು ನೆಟ್ಟು ಅಡ್ಡ ಒಂದು ಜೋಳದ ದಂಟು ಇಟ್ಟರೆ ಸಾಕು.

ನಾವೆಲ್ಲ ಉಷಾ ಆಗಲ್ಲ, ಗೊತ್ತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಗಾದೆ ಇದೆ. ಮೊಳಕೆ ಬರಬೇಕಾದರೆ ಬೀಜವನ್ನು ಮಣ್ಣಿಗೆ ಹಾಕಬೇಕಲ್ವಾ? ಈ ವರ್ಷ ಹುಡುಗಿಯರಿಗೂ ತಡೆ ಓಟ ಇಡಬೇಕೆಂದು ದೊಡ್ಡ ಮೇಷ್ಟ್ರಲ್ಲಿ ನನ್ನ ವಿನಂತಿ. ಮೊದಲನೇ ಹೆಸರು ನಂದೇ ಬರ್ಕೊಳ್ಳಿ, ಸಾರ್.

- 7ನೇ ತರಗತಿಯ ವಿದ್ಯಾರ್ಥಿನಿ